ಕ್ಯಾನ್ಸರ್ ಕೊಲ್ಲುವ ಕೋಶಕ್ಕೇ ಕತ್ತರಿ ಏಕೆ?

2022ರಲ್ಲಿ ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಆಸ್ಪತ್ರೆಯಲ್ಲಿ 13 ವರ್ಷದ ಹುಡುಗಿಯೊಬ್ಬಳಿಗೆ ಜೀನ್ ತಿದ್ದಿದ ಕೋಶಗಳನ್ನು ಕೊಟ್ಟರು. ಕೀಮೋಗೂ ಬಗ್ಗದ, ಅಸ್ಥಿಮಜ್ಜೆ ಕಸಿಗೂ ಬಗ್ಗದ ರಕ್ತದ ಕ್ಯಾನ್ಸರ್ ಅವಳದು. 28 ದಿನ ಕಳೆಯುವಷ್ಟರಲ್ಲಿ ಪರೀಕ್ಷೆಗೆ ಸಿಗದಷ್ಟು ಕರಗಿಹೋಯಿತು. ಜಗತ್ತಿನ ಹಲವು ಪತ್ರಿಕೆಗಳು ಅದನ್ನು ದೊಡ್ಡ ಸುದ್ದಿ ಮಾಡಿದವು.

ಮರುವರ್ಷ ನವೆಂಬರಿನಲ್ಲಿ ಬೇರೆಯದೇ ಸುದ್ದಿ. ಕಾರ್-ಟಿ ಎಂಬ ಇದೇ ಜಾತಿಯ ಚಿಕಿತ್ಸೆ ಪಡೆದ ಕೆಲವರಲ್ಲಿ ಹೊಸದಾಗಿ ಟಿ ಕೋಶದ ಕ್ಯಾನ್ಸರ್ ಕಾಣಿಸಿಕೊಂಡಿದೆ, ತನಿಖೆ ಮಾಡುತ್ತಿದ್ದೇವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೇಳಿತು. 2024ರ ಜನವರಿಯಲ್ಲಿ ಆ ಔಷಧಗಳ ಮಾಹಿತಿ ಹಾಳೆಯ ಮೇಲ್ಭಾಗದಲ್ಲೇ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕುವಂತೆ ಕಂಪನಿಗಳಿಗೆ ಸೂಚಿಸಿತು.

ಕ್ಯಾನ್ಸರ್ ಓಡಿಸುವುದೂ ಇದೇ, ಕ್ಯಾನ್ಸರ್ ತರುವುದೂ ಇದೇ ಅಂದರೆ ಯಾರಿಗಾದರೂ ತಲೆ ಕೆಡುತ್ತದೆ. "ಜೀನ್‌ಗೆ ಕೈ ಹಾಕಿದರೆ ಹೀಗೇ ಆಗೋದು" ಎಂದವರು ಬಹಳ ಮಂದಿ. ಆದರೆ ಒಂದು ಸಂಗತಿ ಅವರ ಕಣ್ಣು ತಪ್ಪಿಸಿದೆ. ಎಫ್‌ಡಿಎ ಎಚ್ಚರಿಕೆ ಹಾಕಿಸಿದ ಔಷಧಗಳಲ್ಲಿ ಒಂದರಲ್ಲೂ ಜೀನ್ ಎಡಿಟಿಂಗ್ ಇರಲಿಲ್ಲ. ಅವೆಲ್ಲ ಹಳೆಯ ವಿಧಾನದವು. ಅವುಗಳಲ್ಲಿ ಇರುವ ಜೀನನ್ನು ತಿದ್ದುವುದಿಲ್ಲ, ಹೊಸದೊಂದನ್ನು ತೂರಿಸುತ್ತಾರೆ, ಅಷ್ಟೆ. ಇವೆರಡಕ್ಕೂ ಇರುವ ವ್ಯತ್ಯಾಸ ತಿಳಿದರೆ ಅರ್ಧ ಗೊಂದಲ ಕಳೆಯುತ್ತದೆ. ಉಳಿದರ್ಧ ಅಷ್ಟು ಸುಲಭವಲ್ಲ.

ಕಾರ್-ಟಿ ಅಂದರೆ ಏನು?

ಟಿ ಕೋಶ ನಮ್ಮ ರೋಗನಿರೋಧಕ ವ್ಯವಸ್ಥೆಯ ಕಾವಲುಗಾರ. ಸೋಂಕು ತಗುಲಿದ ಕೋಶವನ್ನು ಗುರುತಿಸಿ ಕೊಲ್ಲುವುದು ಅದರ ಕೆಲಸ. ಕ್ಯಾನ್ಸರ್ ಕೋಶ ಮಾತ್ರ ಎಷ್ಟೋ ಸಲ ಅದರ ಕಣ್ಣಿಗೆ ಮಣ್ಣೆರಚುತ್ತದೆ. ನಮ್ಮದೇ ಕೋಶದಿಂದ ಹುಟ್ಟಿದ್ದಲ್ವಾ, ಪರಕೀಯ ಅನ್ನಿಸುವುದೇ ಇಲ್ಲ.

ಇದಕ್ಕೆ ಕಂಡುಕೊಂಡ ಉಪಾಯ ಹೀಗಿದೆ. ರೋಗಿಯ ರಕ್ತದಿಂದ ಟಿ ಕೋಶಗಳನ್ನು ಬೇರ್ಪಡಿಸುತ್ತಾರೆ. ರೋಗ ತರುವ ಗುಣ ತೆಗೆದ ವೈರಸ್ ಒಂದರ ಮೂಲಕ ಅವುಗಳೊಳಗೆ ಹೊಸ ಜೀನ್ ಸೇರಿಸುತ್ತಾರೆ. ಆ ಜೀನಿನಿಂದಾಗಿ ಕೋಶದ ಮೈಮೇಲೆ ಹೊಸ ಕೊಕ್ಕೆಯೊಂದು ಮೂಡುತ್ತದೆ. ಅದರ ಹೆಸರೇ ಕಾರ್. ಈ ಕೊಕ್ಕೆ ಹೆಚ್ಚಾಗಿ ಹುಡುಕುವುದು ಸಿಡಿ19 ಎಂಬ ಗುರುತನ್ನು. ಆ್ಯಂಟಿಬಾಡಿ ತಯಾರಿಸುವ ಬಿ ಕೋಶದಿಂದ ಹುಟ್ಟುವ ಬಹುಪಾಲು ಲ್ಯುಕೇಮಿಯಾ, ಲಿಂಫೋಮಾ ಎಂಬ ರಕ್ತದ ಕ್ಯಾನ್ಸರ್‌ಗಳ ಮೈಮೇಲೆ ಈ ಗುರುತು ಇರುತ್ತದೆ. ಕೋಶಗಳನ್ನು ಕೋಟಿಗಟ್ಟಲೆ ಬೆಳೆಸಿ, ಜಾಗ ಮಾಡಿಕೊಡಲು ಸ್ವಲ್ಪ ಕೀಮೋ ಕೊಟ್ಟು, ರೋಗಿಗೇ ವಾಪಸ್ ಹಾಕುತ್ತಾರೆ. ಎಫ್‌ಡಿಎ ಇಂಥ ಮೊದಲ ಔಷಧಕ್ಕೆ ಒಪ್ಪಿಗೆ ಕೊಟ್ಟದ್ದು 2017ರ ಆಗಸ್ಟ್‌ನಲ್ಲಿ.

ಸಿಡಿ19 ಆರೋಗ್ಯವಂತ ಬಿ ಕೋಶಗಳ ಮೇಲೂ ಇರುತ್ತದೆ. ಹಾಗಾಗಿ ಅವೂ ಸಾಯುತ್ತವೆ. ಆದರೆ ಬಿ ಕೋಶಗಳಿಲ್ಲದೆಯೂ, ಹೊರಗಿನಿಂದ ಆ್ಯಂಟಿಬಾಡಿ ಕೊಟ್ಟುಕೊಂಡು, ಮನುಷ್ಯ ಬದುಕಬಹುದು. ಕಾರ್-ಟಿ ರಕ್ತದ ಕ್ಯಾನ್ಸರಿನಲ್ಲಿ ಗೆದ್ದದ್ದರ ಹಿಂದೆ ಈ ಅದೃಷ್ಟದ ಪಾಲು ದೊಡ್ಡದು. ಶ್ವಾಸಕೋಶಕ್ಕೋ ಪಿತ್ತಜನಕಾಂಗಕ್ಕೋ ಈ ಮಾತು ಹೇಳಲಾಗುವುದಿಲ್ಲ. ಗಡ್ಡೆಯ ಮೇಲಿರುವ ಗುರುತು ಆರೋಗ್ಯವಾದ ಅಂಗದ ಮೇಲೂ ಇದ್ದರೆ ಅನಾಹುತವೇ.

ಇನ್ನೊಂದು ಮಾತು ನೆನಪಿಡಬೇಕು. ಮಾತ್ರೆ ನುಂಗಿದರೆ ಕೆಲವು ಗಂಟೆಗಳಲ್ಲಿ ಕರಗಿ ಹೋಗುತ್ತದೆ. ಕಾರ್-ಟಿ ಕೋಶ ಹಾಗಲ್ಲ. ದೇಹದೊಳಗೆ ಮರಿ ಹಾಕುತ್ತದೆ, ವರ್ಷಗಟ್ಟಲೆ ಉಳಿಯುತ್ತದೆ. ಅದರ ಶಕ್ತಿಯೂ ಇದೇ, ಭಯವೂ ಇದೇ.

ಯಾರೂ ಯೋಜಿಸದ ಒಂದು ಪ್ರಯೋಗ

ಜೀನ್ ಎಡಿಟಿಂಗ್ ಬಗ್ಗೆ ಈಗ ನಡೆಯುತ್ತಿರುವ ವಾದವೆಲ್ಲ ಒಬ್ಬ ರೋಗಿಯ ಕಥೆಯಲ್ಲೇ ಅಡಗಿದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಅದನ್ನು ವರದಿ ಮಾಡಿದರು. ದೀರ್ಘಕಾಲದ ಲ್ಯುಕೇಮಿಯಾ ಇದ್ದ 78 ವರ್ಷದ ರೋಗಿ. ಕಾರ್-ಟಿ ಕೋಶಗಳನ್ನು ಕೊಟ್ಟರೂ ಮೊದಮೊದಲು ಹೇಳಿಕೊಳ್ಳುವಂಥ ಫಲ ಕಾಣಲಿಲ್ಲ. ಎರಡನೇ ಸಲ ಕೊಟ್ಟು ಸುಮಾರು ಎರಡು ತಿಂಗಳಾದ ಮೇಲೆ ಕೋಶಗಳು ಇದ್ದಕ್ಕಿದ್ದಂತೆ ಏರಿದವು. ಕ್ಯಾನ್ಸರ್ ಅಳಿಸಿಹೋಯಿತು.

ಏನಾಯಿತು ಎಂದು ಹುಡುಕಿದಾಗ ಅಚ್ಚರಿ ಕಾದಿತ್ತು. ಆ ಏರಿಕೆಯ ತುದಿಯಲ್ಲಿದ್ದ ಕಾರ್-ಟಿ ಕೋಶಗಳಲ್ಲಿ ಶೇ. 94ರಷ್ಟು ಒಂದೇ ಒಂದು ಕೋಶದ ಸಂತಾನ! ವೈರಸ್ ತನ್ನ ಜೀನನ್ನು ಎಲ್ಲಿ ಇಡಬೇಕೆಂದು ನಾವು ಹೇಳಲಾಗುವುದಿಲ್ಲ. ಡಿಎನ್‌ಎಯಲ್ಲಿ ಎಲ್ಲೋ ಒಂದು ಕಡೆ ಇಟ್ಟುಬಿಡುತ್ತದೆ. ಈ ಒಂದು ಕೋಶದಲ್ಲಿ ಅದು ಟೆಟ್2 ಎಂಬ ಜೀನಿನ ನಡುವೆ ಹೋಗಿ ಕೂತಿತ್ತು. ಆ ಜೀನಿನ ಇನ್ನೊಂದು ಪ್ರತಿಯಲ್ಲಿ ಮೊದಲೇ ದೋಷವಿತ್ತು. ಎರಡೂ ಕೆಟ್ಟಿದ್ದರಿಂದ ಕೋಶಕ್ಕೆ ಸುಸ್ತಾಗುವುದೇ ತಡವಾಯಿತು, ಬೆಳೆಯುವ ಶಕ್ತಿ ಬಂತು. ಕ್ಯಾನ್ಸರ್ ಮುಗಿದ ಮೇಲೆ ಆ ಕೋಶಗಳು ತಾವಾಗಿಯೇ ಇಳಿದವು.

ಇದನ್ನು ನೋಡಿ ಒಂದು ಗುಂಪಿನ ವಿಜ್ಞಾನಿಗಳು ಕೇಳಿದರು: ಆಕಸ್ಮಿಕವಾಗಿ ಆದದ್ದನ್ನು ಬೇಕೆಂದೇ ಮಾಡಿದರೆ ಹೇಗೆ? ಸರಿಯಾದ ಪ್ರಶ್ನೆಯೇ. ಆದರೆ ಟೆಟ್2 ಅಪರಿಚಿತ ಜೀನ್ ಅಲ್ಲ. ರಕ್ತದ ಕ್ಯಾನ್ಸರ್‌ಗಳಲ್ಲಿ ಕೆಟ್ಟಿರುವುದು ಮತ್ತೆಮತ್ತೆ ಕಂಡುಬರುವ ಜೀನ್‌ಗಳಲ್ಲಿ ಅದೂ ಒಂದು. ರೋಗಿಯನ್ನು ಉಳಿಸಿದ ಸ್ವಿಚ್ಚೂ ರೋಗ ಹುಟ್ಟಿಸುವ ಸ್ವಿಚ್ಚೂ ಒಂದೇ ಹಲಗೆಯ ಮೇಲಿವೆ.

ಕತ್ತರಿ ಮಾಡುವ ಕೆಲಸ

ಕ್ರಿಸ್ಪರ್ ಹೆಸರು ಬಹಳ ಜನ ಕೇಳಿರುತ್ತಾರೆ. 2012ರಲ್ಲಿ ಇದನ್ನು ಉಪಕರಣವಾಗಿ ತೋರಿಸಿಕೊಟ್ಟ ಎಮಾನ್ಯುಯೆಲ್ ಶಾರ್ಪೆಂಟಿಯೆ ಮತ್ತು ಜೆನಿಫರ್ ಡೌಡ್ನಾ ಅವರಿಗೆ 2020ರಲ್ಲಿ ನೊಬೆಲ್ ಬಂತು. ಇದರಲ್ಲಿ ಎರಡು ಭಾಗ. ಎಲ್ಲಿ ಕತ್ತರಿಸಬೇಕೆಂದು ದಾರಿ ತೋರಿಸುವ ಆರ್‌ಎನ್‌ಎ ತುಣುಕು ಒಂದು. ಕತ್ತರಿಸುವ ಕ್ಯಾಸ್9 ಪ್ರೋಟೀನ್ ಇನ್ನೊಂದು. ಡಿಎನ್‌ಎಯ ಎರಡೂ ಎಳೆ ತುಂಡಾದಾಗ ಕೋಶ ಗಾಬರಿಯಿಂದ ಹೊಲಿಗೆ ಹಾಕುತ್ತದೆ. ಅವಸರದ ಹೊಲಿಗೆಯಲ್ಲಿ ಒಂದೆರಡು ಅಕ್ಷರ ಬಿಟ್ಟುಹೋಗುತ್ತವೆ, ಇಲ್ಲವೇ ಜಾಸ್ತಿ ಸೇರುತ್ತವೆ. ಅಷ್ಟಕ್ಕೇ ಆ ಜೀನ್ ಕೆಲಸಕ್ಕೆ ಬಾರದಂತಾಗುತ್ತದೆ. ಹೊಲಿಯುವ ಹೊತ್ತಿಗೆ ಪಕ್ಕದಲ್ಲೇ ಹೊಸ ಜೀನಿನ ನಕಲು ಇಟ್ಟರೆ ಕೆಲವು ಕೋಶಗಳು ಅದನ್ನೇ ತೇಪೆಯಾಗಿ ಬಳಸಿಕೊಳ್ಳುತ್ತವೆ.

ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್‌ನ ತಂಡ 2017ರಲ್ಲಿ ಈ ತೇಪೆ ವಿದ್ಯೆಯನ್ನೇ ಹಿಡಿಯಿತು. ಟಿ ಕೋಶಕ್ಕೆ ಹುಟ್ಟಿನಿಂದ ಬಂದ ಕೊಕ್ಕೆಯ ಜೀನ್ ಇರುವ ಜಾಗದಲ್ಲೇ ಕಾರ್ ಜೀನನ್ನು ಕೂರಿಸಿತು. ಇದರಿಂದ ಮೂರು ಲಾಭ. ಕೋಶದ ಹಳೆಯ ಕೊಕ್ಕೆ ಹೋಯಿತು. ಹೊಸದು ಡಿಎನ್‌ಎಯಲ್ಲಿ ಎಲ್ಲೆಂದರಲ್ಲಿ ಬೀಳುವುದು ತಪ್ಪಿತು. ಮೂರನೆಯದು ಹೆಚ್ಚು ಸ್ವಾರಸ್ಯದ್ದು. ಹಳೆಯ ಕೊಕ್ಕೆಯನ್ನು ಕೋಶ ಎಷ್ಟು ಬೇಕೋ ಅಷ್ಟೇ ತಯಾರಿಸುತ್ತಿತ್ತು. ಹೊಸದಕ್ಕೂ ಅದೇ ಕಟ್ಟುಪಾಡು ಬಂತು. ವೈರಸ್ ವಿಧಾನದಲ್ಲಿ ಕೊಕ್ಕೆಗಳು ಅತಿಯಾಗಿ ತಯಾರಾಗಿ, ಶತ್ರು ಇಲ್ಲದಾಗಲೂ ಕೋಶವನ್ನು ಕೆರಳಿಸುತ್ತಿರುತ್ತವೆ. ಹಗಲೂ ರಾತ್ರಿ ಎಚ್ಚರವಿದ್ದ ಕಾವಲುಗಾರ ಬೇಗ ದಣಿಯುತ್ತಾನಲ್ಲ, ಹಾಗೆ. ಜಾಗ ಬದಲಿಸಿದ ಕೋಶಗಳು ಇಲಿಗಳಲ್ಲಿ ತಡವಾಗಿ ದಣಿದವು, ಕ್ಯಾನ್ಸರನ್ನು ಹೆಚ್ಚು ಚೆನ್ನಾಗಿ ಹಿಡಿದವು.

ಅಂದರೆ ಇಲ್ಲಿ ಎಡಿಟಿಂಗ್ ಹಳೆಯ ಅಪಾಯವೊಂದನ್ನು ಕಡಿಮೆ ಮಾಡಲು ಬಂದ ದಾರಿ. "ಜೀನ್‌ಗೆ ಕೈ ಹಾಕಿದರೆ ಅಪಾಯ ಜಾಸ್ತಿ" ಎಂಬ ಸರಳ ಲೆಕ್ಕ ಇಲ್ಲಿಗೇ ಮುರಿದುಬೀಳುತ್ತದೆ.

ಬೇರೆಯವರ ಕೋಶ, ಒಂದರ ಹಿಂದೊಂದು ತೊಡಕು

ರೋಗಿಯದೇ ಕೋಶ ಬಳಸುವುದರಲ್ಲಿ ದೊಡ್ಡ ತೊಂದರೆ ಎಂದರೆ ಕಾಯುವುದು. ಕೋಶ ತೆಗೆದು, ಬದಲಿಸಿ, ವಾಪಸ್ ತರಲು ವಾರಗಳು ಹಿಡಿಯುತ್ತವೆ. ವೇಗವಾಗಿ ಬೆಳೆಯುವ ಕ್ಯಾನ್ಸರ್ ಅಷ್ಟು ದಿನ ಬಿಡುವುದಿಲ್ಲ. ಹತ್ತಾರು ಸುತ್ತು ಕೀಮೋ ಆದವರಲ್ಲಿ ಗಟ್ಟಿಯಾದ ಟಿ ಕೋಶಗಳೇ ಸಿಗದೆ ಇರಬಹುದು. ಹಾಗಾದರೆ ಆರೋಗ್ಯವಂತ ದಾನಿಯ ಕೋಶದಿಂದ ಮೊದಲೇ ತಯಾರಿಸಿ ಇಟ್ಟುಕೊಳ್ಳಬಾರದೇಕೆ?

ಇಟ್ಟುಕೊಳ್ಳಬಹುದು, ಆದರೆ ದಾನಿಯ ಟಿ ಕೋಶಕ್ಕೆ ರೋಗಿಯ ಇಡೀ ದೇಹವೇ ಪರಕೀಯ. ಚರ್ಮ, ಕರುಳು, ಪಿತ್ತಜನಕಾಂಗ, ಸಿಕ್ಕಿದ್ದಕ್ಕೆಲ್ಲ ಮುಗಿಬೀಳುತ್ತದೆ. ಅದಕ್ಕೆ ಅದರ ಹಳೆಯ ಕೊಕ್ಕೆಯ ಜೀನ್ ಕತ್ತರಿಸುತ್ತಾರೆ. ಆಗ ರೋಗಿಯ ದೇಹ ದಾನಿಯ ಕೋಶವನ್ನು ಹೊರಗಟ್ಟಲು ನೋಡುತ್ತದೆ. ಅದನ್ನು ತಡೆಯಲು ದಾನಿ ಕೋಶದ ಗುರುತಿನ ಚೀಟಿಯನ್ನೇ ತೆಗೆದುಬಿಟ್ಟರೆ ರೋಗಿಯ ಟಿ ಕೋಶಗಳೇನೋ ಸುಮ್ಮನಾಗುತ್ತವೆ. ಆದರೆ ದೇಹದಲ್ಲಿ ಎನ್‌ಕೆ ಎಂಬ ಇನ್ನೊಂದು ಬಗೆಯ ಕಾವಲು ಕೋಶಗಳಿವೆ. ಚೀಟಿ ಇಲ್ಲದವರನ್ನು ಕೊಲ್ಲುವುದೇ ಅವುಗಳ ಕೆಲಸ! ಆಗ ಅವುಗಳನ್ನು ಸಮಾಧಾನಪಡಿಸಲು ಮತ್ತೊಂದು ತಿದ್ದುಪಡಿ. ಒಂದು ಗಂಟು ಬಿಚ್ಚಿದರೆ ಹಿಂದೆಯೇ ಮತ್ತೊಂದು.

2015ರಲ್ಲಿ ಗ್ರೇಟ್ ಆರ್ಮಂಡ್ ಸ್ಟ್ರೀಟ್‌ನಲ್ಲೇ, ಕ್ರಿಸ್ಪರ್‌ಗಿಂತ ಹಳೆಯ ಟ್ಯಾಲೆನ್ ಎಂಬ ಕತ್ತರಿಯಿಂದ ತಿದ್ದಿದ ದಾನಿಯ ಕೋಶಗಳನ್ನು ಹಸುಗೂಸೊಂದಕ್ಕೆ ಕೊಟ್ಟಿದ್ದರು. ಕ್ಯಾನ್ಸರ್ ಇಳಿಯಿತು, ನಂತರ ಕಸಿ ಮಾಡಿದರು.

2022ರ ಹುಡುಗಿಯದು ಇನ್ನೂ ಬಿಕ್ಕಟ್ಟಿನ ಪ್ರಕರಣ. ಅವಳ ಕ್ಯಾನ್ಸರ್ ಹುಟ್ಟಿದ್ದು ಟಿ ಕೋಶದಿಂದಲೇ. ಅದರ ಗುರುತು ಸಿಡಿ7. ಆ ಗುರುತು ಕಾರ್-ಟಿ ಕೋಶಗಳ ಮೈಮೇಲೂ ಇರುತ್ತದೆ. ಸಿಡಿ7 ಹುಡುಕುವ ಕೊಕ್ಕೆ ಹಾಕಿದರೆ ಔಷಧದ ಕೋಶಗಳು ರೋಗಿಯನ್ನು ತಲುಪುವ ಮೊದಲೇ ಒಂದನ್ನೊಂದು ಕೊಂದು ಮುಗಿಸುತ್ತವೆ. ಅದಕ್ಕೇ ಮೂರು ತಿದ್ದುಪಡಿ: ಹಳೆಯ ಕೊಕ್ಕೆ ತೆಗೆದರು, ಸಿಡಿ7 ತೆಗೆದರು, ಜೊತೆಗೆ ಸಿಡಿ52 ತೆಗೆದರು. ಕೊನೆಯದು ಏಕೆಂದರೆ ರೋಗಿಯ ರೋಗನಿರೋಧಕ ಕೋಶಗಳನ್ನು ತಗ್ಗಿಸಲು ಕೊಡುವ ಔಷಧ ಸಿಡಿ52 ಇರುವ ಕೋಶಗಳನ್ನು ಕೊಲ್ಲುತ್ತದೆ. ಆ ಗುರುತು ಇಲ್ಲದ ಔಷಧ ಕೋಶ ಮಾತ್ರ ಉಳಿದುಕೊಳ್ಳುತ್ತದೆ.

ಮೂರು ಕಡೆ ಕತ್ತರಿಸಿದರೆ ತುಂಡುಗಳು ಅದಲುಬದಲಾಗಿ ಅಂಟಿಕೊಳ್ಳುವ ಭಯವಿತ್ತು. ಆದ್ದರಿಂದ ಕತ್ತರಿ ಬಿಟ್ಟು ಬೇಸ್ ಎಡಿಟಿಂಗ್ ಬಳಸಿದರು. ಅಮೆರಿಕದ ವಿಜ್ಞಾನಿ ಡೇವಿಡ್ ಲಿಯು ಅವರ ಪ್ರಯೋಗಾಲಯ 2016ರಲ್ಲಿ ಪ್ರಕಟಿಸಿದ ವಿಧಾನ ಇದು. ಇಲ್ಲಿ ಡಿಎನ್‌ಎಯ ಎರಡೂ ಎಳೆಯನ್ನು ತುಂಡರಿಸುವುದಿಲ್ಲ. ಒಂದು ಅಕ್ಷರವನ್ನು ಅಳಿಸಿ ಇನ್ನೊಂದು ಬರೆದಂತೆ ರಾಸಾಯನಿಕವಾಗಿ ಬದಲಿಸುತ್ತಾರೆ. ಅಂದಹಾಗೆ, ಕಾರ್ ಜೀನನ್ನು ಒಳಗೆ ಸೇರಿಸಿದ್ದು ಇಲ್ಲೂ ವೈರಸ್ ಮೂಲಕವೇ. ಹೊಸ ವಿದ್ಯೆ ಬಂದಿತೆಂದು ಹಳೆಯದು ಒಂದೇ ದಿನಕ್ಕೆ ಮನೆ ಖಾಲಿ ಮಾಡುವುದಿಲ್ಲ.

2023ರಲ್ಲಿ ಆ ತಂಡ ಮೊದಲ ಮೂವರು ಮಕ್ಕಳ ವಿವರ ಪ್ರಕಟಿಸಿತು. ಇಬ್ಬರು ಕ್ಯಾನ್ಸರ್ ಇಳಿದು ಕಸಿಯವರೆಗೆ ತಲುಪಿದರು. ಒಂದು ಮಗು ಶಿಲೀಂಧ್ರ ಸೋಂಕಿನಿಂದ ತೀರಿಕೊಂಡಿತು. ರೋಗನಿರೋಧಕ ಶಕ್ತಿಯನ್ನು ಅಷ್ಟು ತಗ್ಗಿಸಿದಾಗ ಸಾಮಾನ್ಯ ಸೋಂಕೂ ಯಮನಾಗಬಹುದು. ತಲೆಬರಹಗಳಲ್ಲಿ ಈ ಮಗು ಅಷ್ಟಾಗಿ ಕಾಣಲಿಲ್ಲ.

ಬ್ರೇಕ್ ತೆಗೆಯಬೇಕೇ?

ಗಟ್ಟಿ ಗಡ್ಡೆಗಳ ಕಡೆ ಬಂದರೆ ವಾದ ಬಿಸಿಯಾಗುತ್ತದೆ. ಅಲ್ಲಿ ಟಿ ಕೋಶ ಗಡ್ಡೆಯೊಳಗೆ ಹೋಗುವುದೇ ಕಷ್ಟ. ಹೋದರೂ ಗಡ್ಡೆ ಅದರ ಬ್ರೇಕ್ ಒತ್ತಿ ನಿಲ್ಲಿಸುತ್ತದೆ. ಪಿಡಿ-1 ಅಂಥ ಒಂದು ಬ್ರೇಕ್. ಅದರ ಜೀನನ್ನೇ ಕತ್ತರಿಸಿಬಿಟ್ಟರೆ ಕೋಶ ನಿಲ್ಲುವುದಿಲ್ಲವಲ್ಲ ಎಂಬುದು ಆಸೆ.

ಚೀನಾದ ಚೆಂಗ್ಡುವಿನಲ್ಲಿ 2016ರಲ್ಲಿ ಶ್ವಾಸಕೋಶ ಕ್ಯಾನ್ಸರ್ ರೋಗಿಗೆ ಹೀಗೆ ಕ್ರಿಸ್ಪರ್‌ನಿಂದ ತಿದ್ದಿದ ಕೋಶ ಕೊಟ್ಟರು. ಮನುಷ್ಯರಲ್ಲಿ ಅದೇ ಮೊದಲು. 2020ರಲ್ಲಿ ಅಮೆರಿಕದ ತಂಡ ಮೂವರು ರೋಗಿಗಳ ಫಲಿತಾಂಶ ಪ್ರಕಟಿಸಿತು. ಪಿಡಿ-1 ಸೇರಿ ಮೂರು ಜೀನ್ ಕತ್ತರಿಸಿದ ಕೋಶಗಳು ಒಂಬತ್ತು ತಿಂಗಳವರೆಗೂ ದೇಹದಲ್ಲಿ ಉಳಿದವು, ದೊಡ್ಡ ತೊಂದರೆ ಕೊಡಲಿಲ್ಲ. ಆದರೆ ಕ್ಯಾನ್ಸರನ್ನು ಹಿಮ್ಮೆಟ್ಟಿಸುವುದರಲ್ಲಿ ಹೇಳಿಕೊಳ್ಳುವ ಗೆಲುವೂ ಇರಲಿಲ್ಲ. ಸುರಕ್ಷಿತ ಎನ್ನುವುದಕ್ಕೂ ಗುಣಪಡಿಸುತ್ತದೆ ಎನ್ನುವುದಕ್ಕೂ ನಡುವೆ ಬಹಳ ದೂರವಿದೆ.

ಅಲ್ಲಿಂದೀಚೆಗೆ ಸಂಶೋಧಕರು ಊಹೆಯ ಮೇಲೆ ಒಂದೊಂದೇ ಜೀನ್ ಆರಿಸುವುದನ್ನು ಬಿಟ್ಟು, ಸಾವಿರಾರು ಜೀನ್‌ಗಳನ್ನು ಒಂದೊಂದಾಗಿ ಕೆಡಿಸಿ ಯಾವ ಟಿ ಕೋಶ ಹೆಚ್ಚು ಬಾಳುತ್ತದೆ ಎಂದು ನೋಡತೊಡಗಿದರು. 2022ರಲ್ಲಿ ಹೀಗೆ ಸಿಕ್ಕಿದ್ದು ರಾಸಾ2. ಆ ಜೀನ್ ಇಲ್ಲದ ಕೋಶಗಳು ಮತ್ತೆಮತ್ತೆ ಕ್ಯಾನ್ಸರ್ ಎದುರಿಸಿದರೂ ದಣಿಯಲಿಲ್ಲ, ಇಲಿಗಳ ಆಯಸ್ಸು ಹೆಚ್ಚಿತು.

ಎಚ್ಚರ ಹೇಳುವವರ ಬಳಿಯೂ ಗಟ್ಟಿ ಪುರಾವೆ ಇದೆ. ಪಿಡಿ-1 ಸುಮ್ನೆ ಕೂತ ಬ್ರೇಕ್ ಅಲ್ಲ, ಟಿ ಕೋಶಗಳು ತಾವೇ ಲಿಂಫೋಮಾ ಆಗದಂತೆ ಅದು ತಡೆಯುತ್ತದೆ ಎಂದು 2017ರಲ್ಲಿ ಇಲಿಗಳ ಅಧ್ಯಯನ ತೋರಿಸಿತು. ಹಾಗೆಂದು ಪಿಡಿ-1 ಕತ್ತರಿಸಿದ ಪ್ರತಿ ಕೋಶವೂ ಕ್ಯಾನ್ಸರ್ ಆಗುತ್ತದೆಂದಲ್ಲ. ಅದಕ್ಕೆ ಇನ್ನೂ ಹಲವು ದೋಷ ಕೂಡಿಬರಬೇಕು. ಆದರೆ ಅಡ್ಡಗಟ್ಟುವ ಬೇಲಿಗಳಲ್ಲಿ ಒಂದನ್ನು ನಾವೇ ಕಿತ್ತಿರುತ್ತೇವೆ. ಜೀನ್ ಹೆಚ್ಚು ಕತ್ತರಿಸಿದಷ್ಟೂ ಒಳ್ಳೆಯ ಕೋಶ ಎಂಬ ಉತ್ಸಾಹವನ್ನು ಅನುಮಾನದಿಂದಲೇ ನೋಡುವುದು ಒಳ್ಳೆಯದು.

ಕೈ ತಪ್ಪಿದ ಕತ್ತರಿ

ಬೇಡದ ಕಡೆ ಕತ್ತರಿಸುವ ಭಯದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಬೇಕಾದ ಕಡೆಯೇ ಕತ್ತರಿಸಿದರೂ ಯಡವಟ್ಟು ಆಗಬಹುದು ಎಂಬುದು ಅಷ್ಟಾಗಿ ತಿಳಿದಿಲ್ಲ. 2020ರ ಆ ಮೂವರ ಕೋಶಗಳಲ್ಲಿ ಕ್ರೋಮೋಸೋಮ್ (ವರ್ಣತಂತು) ತುಂಡುಗಳು ಅದಲುಬದಲಾಗಿ ಅಂಟಿದ್ದವು. ದಿನ ಕಳೆದಂತೆ ಅಂಥ ಕೋಶಗಳು ಕಡಿಮೆಯಾದದ್ದು ಸಮಾಧಾನ. 2023ರಲ್ಲಿ ಡೌಡ್ನಾ ಅವರ ತಂಡವೇ, ಕತ್ತರಿಸಿದ ಕೆಲವು ಟಿ ಕೋಶಗಳಲ್ಲಿ ಕ್ರೋಮೋಸೋಮಿನ ಭಾಗವೋ ಇಡೀ ಕ್ರೋಮೋಸೋಮೋ ಕಳೆದುಹೋಗುವುದನ್ನು ವರದಿ ಮಾಡಿತು. ಪರಿಹಾರ ಸರಳವಾಗಿತ್ತು. ಸಾಮಾನ್ಯವಾಗಿ ಕೋಶಗಳನ್ನು ಮೊದಲು ಎಬ್ಬಿಸಿ, ಬೆಳೆಯಲು ಶುರುವಾದ ಮೇಲೆ ಕತ್ತರಿಸುತ್ತಾರೆ. ಈ ಕ್ರಮವನ್ನು ತಿರುಗಿಸಿ, ಮೊದಲು ಕತ್ತರಿಸಿ ಆಮೇಲೆ ಎಬ್ಬಿಸಿದರೆ ನಷ್ಟ ಬಹಳ ಕಡಿಮೆಯಾಯಿತು.

ಆದರೆ ಕೆಟ್ಟದ್ದೆಲ್ಲ ಕತ್ತರಿಯದೇ ತಪ್ಪು ಎನ್ನುವಂತೆಯೂ ಇಲ್ಲ. 2021ರ ಅಕ್ಟೋಬರ್‌ನಲ್ಲಿ ಅಲೋಜೀನ್ ಕಂಪನಿಯ ದಾನಿ ಕೋಶ ಪಡೆದ ರೋಗಿಯೊಬ್ಬರಲ್ಲಿ ಕ್ರೋಮೋಸೋಮ್ ದೋಷ ಕಂಡಿತು. ಎಫ್‌ಡಿಎ ಪ್ರಯೋಗಗಳನ್ನು ನಿಲ್ಲಿಸಿತು. ತನಿಖೆಯಲ್ಲಿ ಆ ದೋಷಕ್ಕೂ ಜೀನ್ ಎಡಿಟಿಂಗ್‌ಗೂ ಸಂಬಂಧವಿಲ್ಲವೆಂದು ಕಂಡು, 2022ರ ಜನವರಿಯಲ್ಲಿ ತಡೆ ತೆರವಾಯಿತು.

22 ಎಂಬ ಸಂಖ್ಯೆ

ಎಫ್‌ಡಿಎ ಅಧಿಕಾರಿಗಳು ಕೊಟ್ಟ ಲೆಕ್ಕ ಹೀಗಿದೆ. 2023ರ ಕೊನೆಯವರೆಗೆ ಟಿ ಕೋಶ ಕ್ಯಾನ್ಸರಿನ 22 ಪ್ರಕರಣಗಳು ವರದಿಯಾಗಿದ್ದವು. ಅಮೆರಿಕದಲ್ಲಿ ಅಷ್ಟು ಹೊತ್ತಿಗೆ ಕೊಟ್ಟಿದ್ದ ಡೋಸ್‌ಗಳು 27,000ಕ್ಕೂ ಹೆಚ್ಚು. ಜೀನ್ ಪರೀಕ್ಷೆ ಮಾಡಿದ್ದ ಮೂರು ಪ್ರಕರಣಗಳಲ್ಲಿ ಕ್ಯಾನ್ಸರ್ ಕೋಶದೊಳಗೇ ಕಾರ್ ಜೀನ್ ಸಿಕ್ಕಿತು.

ಇದನ್ನು ಎರಡೂ ಕಡೆಯಿಂದ ಓದಬೇಕು. ಈ ರೋಗಿಗಳು ಮೊದಲೇ ಸಾಕಷ್ಟು ಕೀಮೋ ಪಡೆದವರು, ಅದರಿಂದಲೂ ಹೊಸ ಕ್ಯಾನ್ಸರ್ ಬರಬಹುದು. ಕಾರ್ ಜೀನ್ ಸಿಕ್ಕಿದ ಮಾತ್ರಕ್ಕೆ ಅದೇ ಕಾರಣ ಎನ್ನಲೂ ಆಗುವುದಿಲ್ಲ. ಇನ್ನೊಂದು ಕಡೆ, ಎಲ್ಲ ಪ್ರಕರಣಗಳೂ ವರದಿಯಾಗುತ್ತವೆ ಎಂಬ ಖಾತರಿ ಇಲ್ಲ, ನಿಧಾನವಾಗಿ ಬರುವ ಕ್ಯಾನ್ಸರ್ ಇನ್ನೂ ಲೆಕ್ಕಕ್ಕೆ ಸಿಕ್ಕಿರಲಿಕ್ಕಿಲ್ಲ. ಚಿಕಿತ್ಸೆ ಪಡೆದವರನ್ನು 15 ವರ್ಷ ಗಮನಿಸುವ ನಿಯಮ ಇರುವುದೇ ಅದಕ್ಕೆ. ಬೇರೆ ದಾರಿಯಿಲ್ಲದ ಲಿಂಫೋಮಾ ರೋಗಿಗೆ ಲಾಭವೇ ಹೆಚ್ಚು ಎಂಬ ನಿಲುವನ್ನು ಎಫ್‌ಡಿಎ ಬಿಟ್ಟುಕೊಡಲಿಲ್ಲ. 2025ರ ಜೂನ್‌ನಲ್ಲಿ ಈ ಚಿಕಿತ್ಸೆ ಕೊಡುವ ಆಸ್ಪತ್ರೆಗಳಿಗಿದ್ದ ವಿಶೇಷ ಸುರಕ್ಷತಾ ಕಟ್ಟಳೆಯನ್ನೂ ತೆಗೆದುಹಾಕಿತು.

ದಾರಿ ಕವಲೊಡೆದಿದೆ

ಈಗ ಎರಡು ದಿಕ್ಕಿನಲ್ಲಿ ಕೆಲಸ ಸಾಗಿದೆ. ಕೆಲವರು ಕೋಶವನ್ನು ಇನ್ನಷ್ಟು ತಿದ್ದಿ, ಶಾಶ್ವತವಾಗಿ ಬಲಪಡಿಸಲು ಹೊರಟಿದ್ದಾರೆ. ಇನ್ನು ಕೆಲವರು ಡಿಎನ್‌ಎಯನ್ನು ಮುಟ್ಟುವುದೇ ಬೇಡ ಎನ್ನುತ್ತಾರೆ. ಕೊಬ್ಬಿನ ಸಣ್ಣ ಹನಿಗಳಲ್ಲಿ ಎಂಆರ್‌ಎನ್‌ಎ (ಜೀನಿನ ಸಂದೇಶ ಹೊತ್ತ, ಬೇಗ ಕರಗುವ ಪ್ರತಿ) ತುಂಬಿ ಸೂಜಿಯ ಮೂಲಕ ಕೊಟ್ಟರೆ, ಟಿ ಕೋಶ ದೇಹದೊಳಗೇ ಕೆಲವು ದಿನಗಳ ಮಟ್ಟಿಗೆ ಕಾರ್-ಟಿ ಆಗುತ್ತದೆ, ಆಮೇಲೆ ತನ್ನ ಪಾಡಿಗೆ ತಾನಿರುತ್ತದೆ. ದೀರ್ಘಕಾಲದ ಅಪಾಯ ಕಡಿಮೆ. ಆದರೆ ಅಷ್ಟು ಬೇಗ ಮಾಯವಾಗುವ ಕೋಶ ಹಟಮಾರಿ ಕ್ಯಾನ್ಸರನ್ನು ಬುಡಸಮೇತ ಕೀಳುತ್ತದೆಯೇ ಎಂಬ ಪ್ರಶ್ನೆ ಉಳಿಯುತ್ತದೆ. ಆ 78 ವರ್ಷದ ರೋಗಿಯಲ್ಲಿ ಕೋಶಗಳು ಕೆಲಸ ಶುರುಮಾಡಲೇ ಎರಡು ತಿಂಗಳು ಬೇಕಾಗಿತ್ತಲ್ವಾ?

ಎಂಆರ್‌ಎನ್‌ಎ ದಾರಿಗೆ ಒಲವು ಹೆಚ್ಚು ಕಾಣುತ್ತಿರುವುದು ಕ್ಯಾನ್ಸರ್‌ಗಿಂತ ಲೂಪಸ್‌ನಂಥ ಸ್ವಯಂ-ರೋಧಕ ಕಾಯಿಲೆಗಳಲ್ಲಿ. ಅಲ್ಲಿ ದೇಹದ ಬಿ ಕೋಶಗಳು ದೇಹದ ಮೇಲೇ ತಿರುಗಿಬಿದ್ದಿರುತ್ತವೆ. ಅವುಗಳನ್ನು ಒಮ್ಮೆ ಗುಡಿಸಿ ಹಾಕಿದರೆ ಸಾಕು. ಜರ್ಮನಿಯ ಎರ್ಲಾಂಗೆನ್‌ನ ವೈದ್ಯರು 2022ರಲ್ಲಿ ವರದಿ ಮಾಡಿದ ಐವರು ಲೂಪಸ್ ರೋಗಿಗಳಲ್ಲೂ ರೋಗ ಶಮನವಾಗಿತ್ತು. ಅವರಿಗೆ ಕೊಟ್ಟದ್ದು ಎಂಆರ್‌ಎನ್‌ಎ ಅಲ್ಲ, ಹೊರಗೆ ಬದಲಿಸಿದ ಅವರದೇ ಕೋಶ. 2024ರಲ್ಲಿ ಚೀನಾದ ಸಂಶೋಧಕರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಕ್ರಿಸ್ಪರ್‌ನಿಂದ ಹಲವು ಜೀನ್ ತಿದ್ದಿದ ದಾನಿಯ ಕೋಶಗಳನ್ನು ಸ್ವಯಂ-ರೋಧಕ ಕಾಯಿಲೆಯ ಮೂವರಿಗೆ ಕೊಟ್ಟು ಒಳ್ಳೆಯ ಫಲ ಕಂಡರು.

ಕೆಲವೇ ತಿಂಗಳ ಆಯಸ್ಸು ಉಳಿದಿರುವ ಕ್ಯಾನ್ಸರ್ ರೋಗಿಗೆ 27,000ದಲ್ಲಿ 22 ಎಂಬುದು ಯೋಚಿಸುವಂಥ ಅಪಾಯವೇ ಅಲ್ಲ. ಲೂಪಸ್ ಇರುವ ಮೂವತ್ತರ ಹೆಣ್ಣುಮಗಳಿಗೆ ಇನ್ನೂ ನಲವತ್ತು ವರ್ಷ ಬದುಕುವುದಿದೆ, ಬೇರೆ ಔಷಧಗಳೂ ಇವೆ. ಅದೇ ಸಂಖ್ಯೆಯನ್ನು ಅವಳು ಬೇರೆ ತಕ್ಕಡಿಯಲ್ಲಿ ತೂಗಬೇಕಾಗುತ್ತದೆ. ಜೀನ್ ತಿದ್ದಿದ ಕೋಶಗಳಿಗಂತೂ ಆ ತಕ್ಕಡಿಯಲ್ಲಿ ಇಡಲು ಇನ್ನೂ ಇಂಥ ಸಂಖ್ಯೆಯೇ ಹುಟ್ಟಿಲ್ಲ. ಚೀನಾದ ಆ ಮೂವರ 15 ವರ್ಷ ಮುಗಿಯುವುದು 2030ರ ದಶಕದ ಕೊನೆಯಲ್ಲಿ.